ಕರೆಂಟಿನ ಪಾಳಿ

ಬೆಂಗಳೂರು, ಪೀಣ್ಯ
ಜನವರಿ 11, 2025

ಅಕ್ಕಾ,

ನೀವು ಅರಾಮ ಅದೀರೇನು, ನಾನೂ ಅರಾಮ ಅದೀನಿ ಅಂತ ಹೇಳಿ ಹಾಳಿ ತುಂಬಸೂದು ಬ್ಯಾಡ. ಹಾಳಿನೂ ಇಲ್ಲ. ನಾ ಮಾತಾಡಾಕತ್ತೀನಿ, ಫೋನ್ ಬರ್ಕೊಳ್ಳಾಕತ್ತೈತಿ. ಡ್ಯೂಟಿ ಮುಗಿಸಿ ಕಂಪನಿ ಸಾಮಾನು ಸಾಗಸೂ ಗಾಡಿ ಚಾರ್ಜಿಗೆ ಹಚ್ಚಿ, ಅದರ ಹಿಂದಿನ ಡಬ್ಬಿನ್ಯಾಗ ಕಾಲು ಚಾಚಿ ಬಿದ್ದೀನಿ. ರೂಮಿನ್ಯಾಗ ಇಷ್ಟೊತ್ತಿಗೆ ಬಾಯಿ ತೆಗದ್ರ ಚಪ್ಪಲಿ ತಗೊಂಡು ಹೊಡೀತಾರ.

ನಿನ್ನ ಆಟೋದ ಫೋಟೋ ನೋಡಿದೆ. ಗಂಗಾವತಿ ಗಂಡನ ಮನಿಯಿಂದ ನೀ ತಂದ ಬಂಗಾರ ಈಗ ಹಸಿರು ನಂಬರ್ ಪ್ಲೇಟ್ ಹಾಕ್ಕೊಂಡು ನಿಂತೈತಿ. ಛಲೋ ಆತು. ಕೊಳ್ಳಾಗ ಇದ್ದಾಗ ಅದೇನು ನಿನ್ನ ಕುಕನೂರಿಗೆ ಕರ್ಕೊಂಡು ಹೋಗ್ತಿತ್ತೇನು? ಡೀಸೆಲ್ ಟಂಟಂ ಬ್ಯಾಡ, ಕರೆಂಟಿಂದ ತಗೋ ಅಂತ ನಾನ ಬೆನ್ನ ಹತ್ತಿದ್ದೆ. ಅಪ್ಪ ಏನರ ಅಂದ್ರ ನನ್ನ ಹೆಸರು ಹೇಳು. ನನಗ ಬೈಯೋದು ಆಂವಗ ರೂಢಿ ಐತಿ.

ಮೊನ್ನೆ ನಮ್ಮ ಕಂಪನಿಗೆ ಒಬ್ಬ ಸಾಹೇಬ ಬಂದಿದ್ದ. ಡ್ರೈವರ್‌ಗಳನ್ನೆಲ್ಲಾ ಕುಂಡ್ರಿಸಿ, ನಮ್ಮ ದೇಶ ಎಲೆಕ್ಟ್ರಿಕ್ ಗಾಡಿಗೆ ತಯಾರೈತೇನು ಅಂತ ಕೇಳಿದ. ಎಲ್ಲಾರೂ ಕೈ ಎತ್ತಿದ್ವಿ. ಕೈ ಎತ್ತಿದ ಮ್ಯಾಲ ಚಾ ಕೊಡಾವ್ರಿದ್ರು. ನನ್ನ ಜೋಡಿ ಕಾರಟಗಿ ಖಲಂದರ ಅಂತ ಒಬ್ಬ ಅದಾನ, ನಮ್ಮಂಗ ಗಾಡಿ ಹೊಡಿಯಾವ. ಆಂವ ಎದ್ದು ನಿಂತು, "ದೇಶದ್ದು ಗೊತ್ತಿಲ್ರಿ ಸರ, ನಾನಂತೂ ಪೆಟ್ರೋಲಿಗೆ ತಯಾರಿಲ್ಲ" ಅಂದ. ಸಾಹೇಬನೂ ನಕ್ಕ.

ಆದ್ರ ನಾ ಖರೇನ ಕೈ ಎತ್ತಿದ್ದೆ ಅಕ್ಕಾ. ಗೋವಾದಾಗ ಮನಿ ಕಟ್ಟೂ ಗೌಂಡಿ ಕೈಕೆಳಗ ದುಡದೀನಿ, ಮಂಗಳೂರಾಗ ಮೀನಿನ ಲಾರಿ ತುಂಬೀನಿ, ಹೈದರಾಬಾದಿನ್ಯಾಗ ಏನ್ ಮಾಡಿದ್ನೆಂಬೂದು ನನಗ ನೆನಪಿಲ್ಲ. ಈ ಗಾಡಿ ಒಂದ ನನಗ ಬೇಸರ ಬಂದಿಲ್ಲ. ಹೊಗಿ ಇಲ್ಲ, ಸಪ್ಪಳ ಇಲ್ಲ. ನೀನೂ ನಡಸು, ನಡಸಿದ್ದು ಬರಿ.

ನಿನ್ನ ತಮ್ಮ,
ಗವಿಸಿದ್ದ


ತೋಟದ ಮನೆ, ಕುಕನೂರು
ಜನವರಿ 19, 2025

ಪ್ರೀತಿಯ ಗವಿಗೆ,

ನಿನ್ನ ಹಾಗೆ ಮಾತಾಡಿ ಬರೆಸಲು ನನಗೆ ಬರುವುದಿಲ್ಲ. ಬೆರಳಿನಿಂದ ಒತ್ತಿ ಬರೆಯುತ್ತಿದ್ದೇನೆ, ಅವ್ವ ಪಕ್ಕದಲ್ಲಿ ಕುಳಿತು ಹಸಿಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಾಳೆ.

ಆಟೋ ಚೆನ್ನಾಗಿದೆ. ಗೇರಿಲ್ಲ, ಕಿಕ್ಕಿಲ್ಲ. ಅವ್ವ ಮುಂದಿನ ಗಾಲಿಗೆ ವಿಭೂತಿ ಹಚ್ಚಿದಳು. ಬೆಳಿಗ್ಗೆ ನಮ್ಮ ತೋಟದ ಮನೆಗಳ ಹುಡುಗಿಯರನ್ನು ಕುಕನೂರಿನ ಹೈಸ್ಕೂಲಿಗೆ ಬಿಡುತ್ತೇನೆ. ನಿನಗೆ ಗೊತ್ತಲ್ಲ, ಬಸ್ಸು ಫ್ರೀ ಆದರೂ ಅದು ಬರುವುದು ಡಾಂಬರು ರಸ್ತೆಗೆ. ಅಲ್ಲಿಯವರೆಗೆ ಹೊಲಗಳ ನಡುವೆ ನಡೆಯಬೇಕು ಎಂಬ ಕಾರಣಕ್ಕೇ ಇಲ್ಲಿನ ಎಷ್ಟೋ ಹುಡುಗಿಯರು ಏಳನೆಯ ಇಯತ್ತೆಗೆ ಶಾಲೆ ಬಿಟ್ಟರು. ಈಗ ನಾಲ್ವರು ಬರುತ್ತಾರೆ. ಅವರಲ್ಲಿ ಇಮಾಮಬೀಯ ಮೊಮ್ಮಗಳು ಮೆಹಜಬೀನ ಈ ವರ್ಷ ಹತ್ತನೆಯ ಇಯತ್ತೆ. ಪುಸ್ತಕ ಬಿಟ್ಟು ತಲೆ ಎತ್ತುವುದಿಲ್ಲ, ರಸ್ತೆಯ ಗುಂಡಿಯಲ್ಲಿ ಆಟೋ ಎಗರಿದಾಗ ಮಾತ್ರ ನನ್ನ ಕಡೆ ನೋಡುತ್ತಾಳೆ. ಇಮಾಮಬೀ ಬದನೆಕಾಯಿ ಬುಟ್ಟಿ ಇಟ್ಟುಕೊಂಡು ನನ್ನ ಪಕ್ಕ ಕೂರುತ್ತಾಳೆ.

ಕುಕನೂರಿನ ಸ್ಟ್ಯಾಂಡಿನಲ್ಲಿ ಟಂಟಂನವರು ಮೊದಲ ದಿನ ಮಾತಾಡಿಸಲಿಲ್ಲ. ಎರಡನೆಯ ದಿನ ಒಬ್ಬ, "ಸಪ್ಪಳಾನ ಇಲ್ಲಲ್ಲಬೇ, ಗಾಡಿ ಬಂತೋ ದೆವ್ವ ಬಂತೋ ಹೆಂಗ ತಿಳಿಬೇಕು?" ಎಂದ. ದೆವ್ವವಾದರೆ ಬಾಡಿಗೆ ಕೇಳುವುದಿಲ್ಲ, ನಾನು ಕೇಳುತ್ತೇನೆ ಎಂದೆ. ಈಗ ಚಹಾಕ್ಕೆ ಕರೆಯುತ್ತಾರೆ.

ಅಪ್ಪ ಒಂದು ಸಲ ಹಿಂದೆ ಕುಳಿತು ಸಂತೆಗೆ ಬಂದ. ಇಳಿದ ಮೇಲೆ ಸೀಟಿನ ಧೂಳನ್ನು ಟವೆಲಿನಿಂದ ಒರೆಸಿದ.

ನಿನ್ನ ಅಕ್ಕ,
ಅಮೃತಾ


ಬೆಂಗಳೂರು
ಫೆಬ್ರವರಿ 1, 2025

ಅಕ್ಕಾ,

ಬಾಯಿ ತೆಗದ್ರ ನಮ್ಮಂಗ ಮಾತಾಡ್ತಿ, ಬರಿಯಾಕ ಕುಂತ್ರ ಸಾಲಿ ಟೀಚರ್ ಆಗಿಬಿಡ್ತಿ. ಇರ್ಲಿ, ಓದಾಕ ಛಲೋ ಅನಸ್ತೈತಿ.

ಅವ್ವ ಫೋನ್ ಮಾಡಿದ್ಲು. ನಾಕು ದಿನದಿಂದ ಆಟೋ ಪೂರಾ ಚಾರ್ಜ್ ಆಗವಲ್ದಂತ, ರಾತ್ರಿ ಹಚ್ಚಿದ್ರ ಮುಂಜಾನಿ ಅರ್ಧಾನೂ ಇರಂಗಿಲ್ಲಂತ. ಗಾಬರಿ ಆಗಬ್ಯಾಡ. ಇದು ನನ್ನ ಕೆಲಸ, ನನಗ ಬಿಡು. ಚಾರ್ಜರ್ ಕೆಟ್ಟೈತಿ. ಇಲ್ಲೆ ನಮ್ಮ ಗಾಡಿಗೂ ಹಿಂಗ ಆಗಿತ್ತು. ಬಿಚ್ಚಿ ಹುಬ್ಬಳ್ಳಿಗೆ ಕಳಸು, ಬದಲಿ ಕೊಡ್ತಾರ. ಮನಿ ವಾಯರೂ ಸಣ್ಣದಾಗಿರತೈತಿ, ದಪ್ಪಂದು ಎಳಸು. ಇಷ್ಟು ಮಾಡು, ಆಮ್ಯಾಲ ಹೇಳು.

ಕಂಪನಿಯವರು ಹೇಳಿದ ಕಿಲೋಮೀಟರ್ ನಂಬಬ್ಯಾಡ. ಅವರ ಕಿಲೋಮೀಟರ್ ಸಿಮೆಂಟ್ ರೋಡಿನ ಮ್ಯಾಲ ಒಬ್ಬನ ಕುಂತು ಹೋಗೂ ಕಿಲೋಮೀಟರ್. ನಿಂದು ಇಮಾಮಬೀ, ಬದ್ನಿಕಾಯಿ, ನಾಕು ಹುಡಿಗ್ಯಾರು, ಅವರ ಪಾಟಿ ಚೀಲ, ಎರಿಮಣ್ಣಿನ ರೋಡು.

ನನ್ನ ದಾಳಿಂಬಿ ಗಿಡ ಹೆಂಗದಾವ? ಹೋದ ವರ್ಷ ಕುಷ್ಟಗಿಯಿಂದ ತಂದು ಹಚ್ಚಿದ್ನಲ್ಲ, ಅಪ್ಪ ಬುಡಕ್ಕ ಹುಲ್ಲು ಮುಚ್ಚ್ಯಾನೋ ಇಲ್ಲೋ ಕೇಳು. ನಾ ಕೇಳಿದ್ರ ಫೋನ್ ಅವ್ವನ ಕೈಗೆ ಕೊಡ್ತಾನ.

ನಿನ್ನ
ಗವಿ


ತೋಟದ ಮನೆ
ಫೆಬ್ರವರಿ 14, 2025

ಗವಿಗೆ,

ನೀನು ಹೇಳಿದಂತೆ ಚಾರ್ಜರ್ ಹುಬ್ಬಳ್ಳಿಗೆ ಕಳಿಸಿದೆ. ಅದು ಬರುವವರೆಗೆ ಆಟೋ ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ನಿಂತಿತ್ತು. ಏನೂ ಕೆಟ್ಟಿಲ್ಲ ಎಂಬ ಚೀಟಿ ಸಮೇತ ವಾಪಸು ಬಂತು. ದಪ್ಪ ವಾಯರೂ ಎಳೆಸಿದೆ. ಅದರಿಂದಲೂ ಏನೂ ಆಗಲಿಲ್ಲ.

ಹತ್ತನೆಯ ಇಯತ್ತೆಯವರಿಗೆ ಪೂರ್ವಸಿದ್ಧತಾ ಪರೀಕ್ಷೆ ಶುರುವಾಗಿದೆ. ನಿನ್ನೆ ಅರ್ಧ ಚಾರ್ಜಿನಲ್ಲೇ ಹೊರಟೆ. ಹಳ್ಳದ ಏರಿನಲ್ಲಿ ಆಟೋ ನಿಂತಿತು. ಹುಡುಗಿಯರು ಇಳಿದು ಓಡಿದರು. ಮೆಹಜಬೀನಳ ಗಣಿತದ ಪರೀಕ್ಷೆ ಆಗಲೇ ಶುರುವಾಗಿತ್ತಂತೆ, ಹಾಗೂ ಹೀಗೂ ಒಳಗೆ ಬಿಟ್ಟರು. ಆಟೋವನ್ನು ಎತ್ತಿನ ಗಾಡಿಗೆ ಕಟ್ಟಿ ಮನೆಗೆ ತಂದೆವು. ಸ್ಟ್ಯಾಂಡಿನವರು ಅದರ ಫೋಟೋ ತೆಗೆದಿದ್ದಾರೆ, ನಿನಗೂ ಬಂದೀತು.

ಸಂಜೆ ಇಮಾಮಬೀ ಬಂದಳು. ಹೊಸ್ತಿಲ ಒಳಗೆ ಬರಲಿಲ್ಲ. "ನಿನ್ನ ಮ್ಯಾಲ ಸಿಟ್ಟಿಲ್ಲವ್ವಾ. ಆದ್ರ ಸಾಲಿ ಸಾಕು, ಮದುವಿ ಮಾಡೂಣು ಅಂತ ಆಕಿ ಅಪ್ಪ ನೆವಾ ಹುಡುಕಾಕತ್ತಾನ. ಇನ್ನೊಮ್ಮೆ ಗಾಡಿ ನಿಂತ್ರ ಆಂವಗ ನೆವಾ ಸಿಕ್ಕಂಗ. ಪರೀಕ್ಷಾಕ್ಕೂ ಕಳಸಂಗಿಲ್ಲ" ಎಂದಳು. ಉಳಿದ ಮನೆಯವರದೂ ಇದೇ ಮಾತು. ದೊಡ್ಡ ಪರೀಕ್ಷೆ ಮಾರ್ಚ್ ಮೂರನೆಯ ವಾರದಲ್ಲಿ. ಅಷ್ಟರೊಳಗೆ ಆಟೋ ದಿನಾ ಬೆಳಿಗ್ಗೆ ತುಂಬಿರುತ್ತದೆ ಎಂದು ನಾನು ತೋರಿಸಬೇಕು. ಇಲ್ಲದಿದ್ದರೆ ಅವರೂ ಬರುವುದಿಲ್ಲ, ನನ್ನ ಆಟೋ ಇದ್ದೂ ಉಪಯೋಗವಿಲ್ಲ.

ಊರೊಳಗೆ ಮೂರು ಮನೆಯಲ್ಲಿ ಪ್ಲಗ್ ಕೇಳಿದೆ. ಫ್ರೀ ಕರೆಂಟು ದಾಟಿ ಬಿಲ್ಲು ಬಂದರೆ ಎಂದು ಯಾರೂ ಒಪ್ಪಲಿಲ್ಲ.

ಇನ್ನು ಕೆಲವು ದಿನ ಸಲಹೆ ಕೊಡಬೇಡ.

ಅಮೃತಾ


ಬೆಂಗಳೂರು
ಫೆಬ್ರವರಿ 15, 2025

ಅಕ್ಕಾ,

ಸಲಹಾ ಅಲ್ಲ ಇದು. ಖಲಂದರ ಹೇಳಿದ್ದು ಹೇಳಾಕತ್ತೀನಿ. ಎತ್ತಿನ ಗಾಡಿ ಫೋಟೋ ಆಂವಗೂ ತೋರಿಸಿದೆ. ನಗ್ತಾನ ಅಂತ ಮಾಡಿದ್ದೆ, ನಗಲಿಲ್ಲ. "ಮನ್ಯಾಗ ಬಲ್ಬ್ ಹೆಂಗ ಉರೀತೈತಿ ಕೇಳು" ಅಂದ. ಅಷ್ಟ.

ಆ ಹುಡಿಗಿ ಗಣಿತ ಹೆಂಗ ಬರದಾಳಂತ?

ಗವಿ


ತೋಟದ ಮನೆ
ಫೆಬ್ರವರಿ 24, 2025

ಗವಿಗೆ,

ಬಲ್ಬು ನೋಡಿದೆ. ಎಲ್ಲರೂ ಮಲಗಿದ ಮೇಲೆ ಚಾರ್ಜರ್ ಹಚ್ಚಿ ಅಂಗಳದಲ್ಲಿ ಕುಳಿತೆ. ಚೆನ್ನಾಗಿಯೇ ಉರಿಯುತ್ತಿದ್ದ ಬಲ್ಬು ಸ್ವಲ್ಪ ಹೊತ್ತಿಗೆ ಕೆಂಪಗಾಯಿತು. ಚಾರ್ಜರಿನ ದೀಪ ಆರಿತು. ಅದೇ ಹೊತ್ತಿಗೆ ಹೊಲದ ಕಡೆ ಮೋಟರ್ ಗುಂಯ್ ಎಂದಿತು. ನಿನಗೂ ಈಗ ತಿಳಿದಿರಬೇಕು. ಊರು ಬಿಡುವ ಮೊದಲು ನೀನೂ ರಾತ್ರಿ ಹೀಗೇ ಮೋಟರ್ ಹಚ್ಚಿದವನು. ಇಬ್ಬರಿಗೂ ಹೊಳೆಯದೆ ಚಾರ್ಜರನ್ನು ಹುಬ್ಬಳ್ಳಿಗೆ ಕಳಿಸಿ ಕುಳಿತೆವು.

ನಮ್ಮ ತೋಟದ ಮನೆಗಳಿಗೆ ಬರುವುದು ಊರಿನ ಲೈನಲ್ಲ, ಹೊಲದ ಲೈನು. ಹಗಲು ಕೆಲವು ತಾಸು ಮೋಟರಿನ ಕರೆಂಟು. ಆಗ ನಾನು ರಸ್ತೆಯ ಮೇಲಿರುತ್ತೇನೆ. ರಾತ್ರಿ ಕೊಡುವುದು ಮನೆ ದೀಪಕ್ಕಷ್ಟೇ ಸಾಲುವ ಕರೆಂಟು. ಅಷ್ಟರಲ್ಲೇ ಮೋಟರ್ ತಿರುಗಲಿ ಎಂದು ಕಂಡೆನ್ಸರ್ ಹಚ್ಚಿ ಓಡಿಸುತ್ತಾರೆ. ಒಂದು ಮೋಟರ್ ಓಡಿದರೂ ಉಳಿದ ಮನೆಗಳಲ್ಲಿ ದೀಪ ಸೊರಗುತ್ತದೆ. ಸಂಕ್ರಾಂತಿಯವರೆಗೆ ನೆಲದಲ್ಲಿ ಹಸಿ ಇತ್ತು, ಯಾರೂ ಹಚ್ಚಿರಲಿಲ್ಲ. ಈಗ ಬೇಸಿಗೆ. ಎಲ್ಲರೂ ಒಮ್ಮೆಲೇ ಹಚ್ಚಿದರೆ ಟ್ರಾನ್ಸ್‌ಫಾರ್ಮರ್, ಅಂದರೆ ಟಿ.ಸಿ., ಸುಡುತ್ತದೆಂದು, ಹಳೆಯ ಕಾಲದಲ್ಲಿ ಬಾವಿಯ ನೀರು ಹಂಚಿಕೊಳ್ಳುತ್ತಿದ್ದಂತೆ ರಾತ್ರಿಯನ್ನು ಪಾಳಿ ಮಾಡಿ ಹಂಚಿಕೊಂಡಿದ್ದಾರೆ. ಮನೆಯ ಪ್ರತಿ ಗಂಡಾಳಿಗೂ ಒಂದು ಪಾಳಿ, ಒಬ್ಬರದು ಮುಗಿದರೆ ಇನ್ನೊಬ್ಬರದು. ಬೆಳಗಿನವರೆಗೆ ಬಿಡುವಿಲ್ಲ.

ಸಪ್ಪಳದ ದಾರಿ ಹಿಡಿದು ಹೋದೆ. ಸ್ಟಾರ್ಟರ್ ಪೆಟ್ಟಿಗೆಯ ಹತ್ತಿರ ಅಪ್ಪ ಕುಳಿತಿದ್ದ. "ಅಪ್ಪಾ, ನಿನ್ನ ಪಾಳಿ ಸಂಜೀನ ಮುಗೀತಲ್ಲ?" ಎಂದೆ. "ಇದು ಗವಿಸಿದ್ದಂದು. ದಾಳಿಂಬಿಗೆ ಬಿಟ್ಟೀನಿ" ಎಂದ. ಗಿಡಗಳ ಬುಡಕ್ಕೆ ಹುಲ್ಲು ಮುಚ್ಚಿದ್ದಾನೆ, ನೀನು ಕೇಳಿದ್ದೆಯಲ್ಲ.

ಮರುದಿನ ಟಿ.ಸಿ.ಯ ಪಾಲುದಾರರನ್ನೆಲ್ಲ ಶರಣಬಸಪ್ಪ ಕಾಕಾನ ಕಣದಲ್ಲಿ ಸೇರಿಸಿದೆ. ರಾತ್ರಿಯ ನಡುವಿನ ಒಂದು ಪಾಳಿಯಷ್ಟು ಹೊತ್ತು ಯಾರೂ ಮೋಟರ್ ಹಚ್ಚದಿದ್ದರೆ ಆಟೋ ತುಂಬುತ್ತದೆ ಎಂದೆ. ವೆಂಕೋಬ ಮಾವ, "ಆಟೋ ಏನ್ ಜ್ವಾಳ ಬೆಳೀತೈತೇನವಾ?" ಎಂದ. ಅವನ ಮೊಮ್ಮಗಳೂ ಅದರಲ್ಲೇ ಶಾಲೆಗೆ ಹೋಗುತ್ತಾಳೆ ಎಂದು ನೆನಪಿಸಿದೆ. ಅವಳು ನಡೆದು ಹೋಗುತ್ತಾಳೆ ಎಂದ. ಆಟೋ ಬರುವ ಮೊದಲು ಎಷ್ಟು ದಿನ ನಡೆದಿದ್ದಳು ಎಂದು ಕೇಳಿದೆ. ಅದಕ್ಕೆ ಅವನು ಎಲೆಅಡಿಕೆ ಹಾಕಿಕೊಂಡ.

ಶರಣಬಸಪ್ಪ ಕಾಕಾ ಮೆತ್ತಗೆ ಹೇಳಿದ. "ನೋಡವ ಅಮೃತಾ, ಪಾಳಿ ಅಂದ್ರ ಪಾಲು. ಕೊಟ್ಟ ಹೆಣ್ಣಿಗೆ ಪಾಳಿ ಎಲ್ಲಿಂದ ತರೂದು?"

ಆಮೇಲೆ ಅಪ್ಪ, "ಗವಿಸಿದ್ದನ ಪಾಳಿ ಐತಿ. ಆಂವ ಇಲ್ಲೆ ಇಲ್ಲ" ಎಂದ.

ನೀನು ಅದನ್ನು ನನಗೆ ಬಿಡುವುದಾದರೆ ಆಗಲಿ ಎಂದು ಹಿರಿಯರು ಒಪ್ಪಿದರು, ಹಳೆಯ ಕಟ್ಟಳೆಯ ಪ್ರಕಾರವೇ ಆಗಬೇಕು ಎಂದರು. ಪಾಳಿ ಬಿಡುವವನು ನೀರು ಕೈಯಲ್ಲಿ ಹಿಡಿದು ಮೂರು ಸಲ ಬಾಯಿಬಿಟ್ಟು ಹೇಳಬೇಕು. ದೂರವಿದ್ದರೆ ಫೋನಿನಲ್ಲಿ ಹೇಳಲಿ, ಆದರೆ ಬರೆದದ್ದು ನಡೆಯುವುದಿಲ್ಲ. ಬಿಟ್ಟ ಪಾಳಿಯನ್ನು ಅವನಾಗಲಿ ಅವನ ಮಕ್ಕಳಾಗಲಿ ತಿರುಗಿ ಕೇಳುವಂತಿಲ್ಲ.

ಹಗಲಿನ ಕರೆಂಟಿನಲ್ಲಿ ದಾಳಿಂಬೆಯವರೆಗೂ ನೀರು ಮುಟ್ಟುವುದಿಲ್ಲ. ಈ ಬೇಸಿಗೆ ತಪ್ಪಿದರೆ ಸಸಿಗಳು ಉಳಿಯುವುದು ಕಷ್ಟ. ಇದನ್ನೂ ಬರೆಯದಿದ್ದರೆ ತಪ್ಪಾಗುತ್ತದೆ.

ಕೊಡು ಎಂದು ನಾನು ಕೇಳುತ್ತಿಲ್ಲ. ನಡೆದದ್ದು ಬರೆದಿದ್ದೇನೆ.

ಅಮೃತಾ


ತೋಟದ ಮನೆ
ಮಾರ್ಚ್ 6, 2025

ಗವಿಗೆ,

ನನ್ನ ಪತ್ರ ನೀನು ಓದಿದ್ದಕ್ಕೆ ಫೋನಿನಲ್ಲಿ ನೀಲಿ ಗೆರೆ ಬಂದಿದೆ. ಉತ್ತರ ಬಂದಿಲ್ಲ.

ಶಾಲೆ ಇನ್ನೂ ನಡೆಯುತ್ತಿದೆ. ಇದ್ದಷ್ಟು ಚಾರ್ಜಿನಲ್ಲಿ ಹೋಗುತ್ತೇನೆ. ಏರು ಬಂದ ಕಡೆ ಹುಡುಗಿಯರು ತಾವೇ ಇಳಿದು ನಡೆಯುತ್ತಾರೆ, ನಾನು ಮೇಲೆ ಹೋಗಿ ಕಾಯುತ್ತೇನೆ. ಇಮಾಮಬೀ ಮಾತ್ರ ಇಳಿಯುವುದಿಲ್ಲ. ವಾಪಸು ಬರುವಾಗ ಖಾಲಿ ಆಟೋ, ಮನೆಯವರೆಗೆ ಹೇಗೋ ಬರುತ್ತದೆ. ಮೊನ್ನೆ ಅದೂ ಬರಲಿಲ್ಲ. ಈ ಸಲ ಎತ್ತಿನ ಗಾಡಿ ತಂದವನು ವೆಂಕೋಬ ಮಾವ. ದಾರಿಯುದ್ದಕ್ಕೂ ಎತ್ತಿನ ಜೊತೆ ಮಾತಾಡಿದ, ನನ್ನ ಜೊತೆ ಅಲ್ಲ.

ಮೆಹಜಬೀನಳ ಅಪ್ಪ ಕೊಪ್ಪಳದಿಂದ ಬಂದು ಹೋದನಂತೆ.

ಅಮೃತಾ


ಬೆಂಗಳೂರು
ಮಾರ್ಚ್ 8, 2025

ಅಕ್ಕಾ,

ಭಾಳ ಸಲ ಮಾತಾಡಿ ಅಳಿಸೀನಿ. ಇದನ್ನ ಅಳಸಂಗಿಲ್ಲ. ಸಿಟ್ಟಿನ್ಯಾಗ ಅದೀನಿ, ಹಂಗ ಓದು.

ನಂದ ಯಾಕ? ಅಪ್ಪಂದೂ ಪಾಳಿ ಐತಿ. ಶರಣಬಸಪ್ಪ ಕಾಕಾಂದು ಐತಿ, ಆಂವಗ ಮಕ್ಕಳಿಲ್ಲ, ಹೊಲ ಅರ್ಧ ಬೀಳು ಬಿದ್ದೈತಿ. ಕಣದಾಗ ಅಷ್ಟು ಮಂದಿ ಕುಂತಿದ್ರು, ಅಲ್ಲೆ ಇಲ್ಲದಾಂವಂದ ಕಣ್ಣಿಗೆ ಬಿತ್ತು. ಇದ್ದಾವ್ರು ಹಂಚಿಕೊಂಡು ಒಂದೊಂದು ತಾಸು ಬಿಟ್ಟಿದ್ರ ಆಗ್ತಿರಲಿಲ್ಲೇನು?

ನಾ ಎಲ್ಲೆಲ್ಲಿ ತಿರುಗೀನಿ ಗೊತ್ತೈತಿ ನಿನಗ. ಗೋವಾದಾಗ ಗೌಂಡಿ ನನ್ನ ಬೈದಾಗ, "ಹೋಗಲೇ, ನಮ್ಮೂರಾಗ ನಂದೂ ಪಾಳಿ ಐತಿ" ಅಂದು ಬಂದಿದ್ದೆ. ಅದು ಆಂವಗ ತಿಳೀಲಿಲ್ಲ. ಆದ್ರ ನನಗ ಅದನ್ನ ಅನ್ನಾಕ ಇತ್ತಲ್ಲ. ಪಾಳಿ ಇದ್ದಾಂವ ಊರಾಂವ. ಪಾಳಿ ಹೋದ ಮ್ಯಾಲ ಹಬ್ಬಕ್ಕ ಬಂದ ಬೀಗರು. ಈಗ ಖಲಂದರ ಪುಣೆಕ್ಕ ಹೋಗೂಣು ಅನ್ನಾಕತ್ತಾನ, ಅಲ್ಲೆ ಬಸ್ಸೂ ಕರೆಂಟಿನ್ವು ಓಡತಾವಂತ, ಕೆಲಸ ಐತಂತ. ನಾ ಹೂಂ ಅನ್ನಬೇಕಂದ್ರೂ ಹಿಂದ ಒಂದು ಊರಿರಬೇಕಲ್ಲ.

ದಾಳಿಂಬಿ ಹಣ್ಣಾಗಾಕ ಇನ್ನೂ ಎರಡು ವರ್ಷ. ಅಷ್ಟೊತ್ತಿಗೆ ಬರ್ತೀನಿ ಅಂತ ಮಾಡಿದ್ದೆ. ಯಾರಿಗೂ ಹೇಳಿರಲಿಲ್ಲ. ಹೇಳಿದ್ರ ಅಪ್ಪ ಕಾಯ್ಕೊಂತ ಕುಂಡ್ರತಾನ, ಅದಕ್ಕ ಹೇಳಿರಲಿಲ್ಲ.

ನೀ ಕೊಡು ಅಂತ ಕೇಳವಲ್ಲಿ. ಕೇಳಿದ್ರ ಇಲ್ಲ ಅನ್ನಾಕ ಸರಳ ಆಗ್ತಿತ್ತು.

ಗವಿಸಿದ್ದ


ತೋಟದ ಮನೆ
ಮಾರ್ಚ್ 10, 2025

ಗವಿಗೆ,

ನಿನ್ನ ಪತ್ರ ಅಪ್ಪನಿಗೆ ಓದಿ ಹೇಳಲಿಲ್ಲ. ಅವನು ಕೇಳಲೂ ಇಲ್ಲ. ಆದರೆ ನಿನ್ನೆ ದಾಳಿಂಬೆ ಸಾಲಿನಲ್ಲಿ ಬಹಳ ಹೊತ್ತು ಓಡಾಡಿದ.

ಅಪ್ಪನ ಪಾಳಿ ಮೆಣಸಿನಕಾಯಿಗೆ ಮತ್ತು ಎಮ್ಮೆಯ ಮೇವಿಗೆ ಹೋಗುತ್ತದೆ. ಅದರಿಂದಲೇ ಮನೆ ನಡೆಯುವುದು. ಒಂದೊಂದು ತಾಸು ಬಿಡಿ ಎಂದು ನಾನೇ ಎಲ್ಲರನ್ನೂ ಕೇಳಿದೆ, ನಿನ್ನ ಮಾತು ಬರುವ ಮೊದಲೇ. ಶರಣಬಸಪ್ಪ ಕಾಕಾನನ್ನು ಎರಡು ಸಲ ಕೇಳಿದೆ. ಇರುವವರು ಬಿಡುವುದಿಲ್ಲ. ಅದು ಅನ್ಯಾಯ ಎಂದು ನನಗೂ ಗೊತ್ತು.

ಒಂದು ಮಾತು ಹೇಳುತ್ತೇನೆ, ಮತ್ತೆ ಈ ವಿಷಯ ಎತ್ತುವುದಿಲ್ಲ. ನಿನಗೆ ಗೌಂಡಿಯ ಮುಂದೆ ಹೇಳಲು ಒಂದು ಪಾಳಿ ಇತ್ತು. ಗಂಗಾವತಿಯ ಆ ಮನೆಯಿಂದ ಹೊರಬಿದ್ದ ದಿನ, ಬಸ್ ಸ್ಟ್ಯಾಂಡಿನಲ್ಲಿ ಕುಳಿತು ನಾನೂ ಅಂಥದೊಂದನ್ನು ಹುಡುಕಿದೆ. ಸಿಗಲಿಲ್ಲ. ಆದರೂ ಬಸ್ಸು ಹತ್ತಿ ಇಲ್ಲಿಗೆ ಬಂದೆ. ಅವ್ವ ಬಾಗಿಲು ತೆಗೆದಳು. ಪಾಳಿ ಇಲ್ಲದವರಿಗೂ ಈ ಮನೆಯ ಬಾಗಿಲು ತೆರೆಯುತ್ತದೆ, ಅದನ್ನು ನಾನು ಕಂಡಿದ್ದೇನೆ.

ಪುಣೆಗೆ ಹೋಗುವುದಾದರೆ ದಪ್ಪನೆಯ ಹೊದಿಕೆ ತೆಗೆದುಕೋ.

ನಿನ್ನ ಅಕ್ಕ,
ಅಮೃತಾ


ಬೆಂಗಳೂರು
ಮಾರ್ಚ್ 14, 2025

ಅಕ್ಕಾ, ಇದನ್ನ ಫೋನ್ ಕೈಲೆ ಬರಸಿಲ್ಲ, ದನಿ ಹಂಗ ಕಳಿಸೀನಿ. ಕಣದಾಗ ಎಲ್ಲಾರನ್ನೂ ಕುಂಡ್ರಿಸಿ ಹಚ್ಚು. ನಿನ್ನ ಹಾಳಿಗೆ ಬೇಕಾದ್ರ ಆಮ್ಯಾಲ ನೀ ಬರ್ಕೋ.

ಶರಣಬಸಪ್ಪ ಕಾಕಾ, ವೆಂಕೋಬ ಮಾವಾ, ಕುಂತ ಹಿರೇರಿಗೆಲ್ಲಾ ಶರಣ್ರಿ. ಅಪ್ಪಾ, ನಿನಗೂ.

ನಾ ಅಂದಪ್ಪನ ಮಗ ಗವಿಸಿದ್ದೇಶ ಮಾತಾಡಾಕತ್ತೀನ್ರಿ. ನೀರು ಕೈಯಾಗ ಹಿಡಕೊಂಡೀನ್ರಿ. ಬಾವಿ ನೀರಲ್ಲ, ಇಲ್ಲೆ ಬಾವಿ ಇಲ್ಲ. ಟ್ಯಾಂಕರ್ ನೀರು. ನಡೀತೈತಂತ ತಿಳೀರಿ. ಖಲಂದರ ಅಂತ ಕಾರಟಗಿಯಾಂವ ಬಾಜೂಕ ನಿಂತು ನೋಡಾಕತ್ತಾನ, ಆಂವ ಸಾಕ್ಷಿ.

ಹುಡಿಗ್ಯಾರ ಪರೀಕ್ಷಾ ಮುಗಿಯೂತನಕ ಅಷ್ಟ ಕೊಡ್ತೀನಿ ಅನ್ನಬೇಕು ಅಂತ ಮಾಡಿದ್ನ್ರಿ. ಆದ್ರ ಮುಂದಿನ ವರ್ಷನೂ ಹುಡಿಗ್ಯಾರು ಹತ್ತನೇ ಇಯತ್ತೆಗೆ ಬರ್ತಾರ. ವೆಂಕೋಬ ಮಾವಾ, ನಿಮ್ಮ ಮೊಮ್ಮಗಳೂ ಬರ್ತಾಳ. ಅದಕ್ಕ ಕೈಗಡ ಕೊಟ್ಟಂಗ ಕೊಡಂಗಿಲ್ರಿ. ಇಲ್ಲೆ ನಮ್ಮ ಸಾಹೇಬ ದೇಶ ತಯಾರೈತೇನು ಅಂತ ಕೇಳಿದಾಗ ನಾ ಜಲ್ದಿ ಕೈ ಎತ್ತಿದ್ದೆ. ಕೈ ಎತ್ತೂದು ಸರಳ ಇತ್ರಿ.

ಹೊಟ್ಟ್ಯಾಗ ಏನೂ ಇಲ್ಲ ಅಂದ್ರ ಸುಳ್ಳಾಗತೈತಿ. ಐತ್ರಿ. ಇದ್ರೂ ಹೇಳ್ತೀನಿ.

ನನ್ನ ಪಾಳಿ ನಮ್ಮಕ್ಕ ಅಮೃತಾಗ ಕೊಟ್ಟೀನಿ. ಆಟೋಕ್ಕಲ್ಲ, ಅಕ್ಕಗ. ನಾಳೆ ಆಟೋ ಇರಲಿ ಬಿಡಲಿ, ಪಾಳಿ ಆಕಿದು.

ನನ್ನ ಪಾಳಿ ನಮ್ಮಕ್ಕ ಅಮೃತಾಗ ಕೊಟ್ಟೀನಿ.

ನನ್ನ ಪಾಳಿ ನಮ್ಮಕ್ಕ ಅಮೃತಾಗ ಕೊಟ್ಟೀನಿ.

ನೀರು ಬಿಟ್ಟೀನ್ರಿ. ಇವತ್ತ ರಾತ್ರಿಯಿಂದನ ಆಕಿ ಹೊತ್ತಿನ್ಯಾಗ ಯಾರೂ ಮೋಟರ್ ಹಚ್ಚಬ್ಯಾಡ್ರಿ.

ಅಪ್ಪಾ, ದಾಳಿಂಬಿಗೆ ಕೊಡಾ ಹೊತ್ತು ನೀರು ಹಾಕಾಕ ಹೋಗಬ್ಯಾಡ. ನಿನ್ನ ಬಲ್ಲೆ ನಾ, ಹಾಕ್ತಿ. ಬ್ಯಾಡ. ಒಣಗಿದ್ರ ಒಣಗಲಿ. ಫೋಟೋ ಮಾತ್ರ ಯಾರೂ ಕಳಸಬ್ಯಾಡ್ರಿ.

ಇಂತಿ, ನಿಮ್ಮಾಂವ,
ಗವಿಸಿದ್ದೇಶ